ಹನಿಮೇನ್ ಎಂಬ ಹೊನ್ನೆಮನೆ

ಫೆಬ್ರವರಿ 9, ಸೋಮವಾರ

ಬೆಳಗ್ಗಿನಿಂದ ಕರಿಮೆಣಸಿನ ಬಳ್ಳಿ ತುಂಡು ಮಾಡಿ ಚೀಲಕ್ಕೆ ನೆಟ್ಟದ್ದೇ ನೆಟ್ಟದ್ದು. ಉಗುರಿನ ಸಂದಿಯ ಮಣ್ಣು ಈ ಪುಟಕ್ಕೂ ಅಂಟಿದೆ — ಇರಲಿ, ಯಾರು ನೋಡುತ್ತಾರೆ. ನನ್ನ ನರ್ಸರಿಯಲ್ಲಿ ಈ ಸಲ ಪಣಿಯೂರು ತಳಿ ರಾಶಿ ಬಿದ್ದಿದೆ. ಬರುವವರಿಗೆಲ್ಲ ಕರಿಮುಂಡವೇ ಬೇಕು. ನನ್ನ ಹಣೆಬರಹ.

ಇವರು ಗೇಟಿಗೆ ಹೊಸ ಬೋರ್ಡ್ ಹಾಕಿಸಿದ್ದಾರೆ. ಕುಟುಂಬದ ಪಟ್ಟೆದಾರರಲ್ಲವೇ, ಹೊನ್ನೆಮನೆಯ ಯಜಮಾನಿಕೆ ದೂರಕ್ಕೆ ಕಾಣಬೇಡವೇ! ಅದೂ ಇಂಗ್ಲಿಷಿನಲ್ಲಿ. ನಾಪೋಕ್ಲಿನ ಪೇಂಟರ್ ಒಂದು 'ಎನ್' ನುಂಗಿಬಿಟ್ಟಿದ್ದ. ಇವರು ಬೈದ ಮೇಲೆ ಸಂದಿಯಲ್ಲಿ ಸಣ್ಣದೊಂದು ಎನ್ ತುರುಕಿ ಹೋದ. ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ಒರಗಿ ನಿಂತಿದೆ ಅದು. ನನಗಂತೂ ನೋಡಿದಾಗಲೆಲ್ಲ ನಗು.

ಅಶ್ವಿತಾ ಫೋನ್ ಮಾಡಿದ್ದಳು, ಮಡಿಕೇರಿಯಿಂದ.

"ಅವ್ವಾ, ಭಾನುವಾರ ಬರ್ತೇನೆ. ಒಬ್ರನ್ನ ಕರ್ಕೊಂಡು."

"ಯಾರನ್ನ?"

"ಬಂದ್ಮೇಲೆ ನೋಡು."

ಕಟ್. ದನ, ನಾಯಿಗಳಿಗೆ ಔಷಧಿ ಕೊಡುವ ಡಾಕ್ಟರು ನನ್ನ ಮಗಳು. ಮಾತು ಮಾತ್ರ ಇಂಜೆಕ್ಷನ್ ಚುಚ್ಚಿದ ಹಾಗೆಯೇ, ಚುಟುಕು.

ಫೆಬ್ರವರಿ 12

ಬಿಡುತ್ತೇನೆಯೇ. ಮೂರು ಸಲ ಫೋನ್ ಮಾಡಿ ಬಾಯಿ ಬಿಡಿಸಿದೆ. ಹುಡುಗ ಇಂಗ್ಲೆಂಡಿನವನಂತೆ! ಎರಡು ವರ್ಷದಿಂದ ನಮ್ಮ ತೋಡು, ಹೊಳೆಗಳಲ್ಲಿ ಕಪ್ಪೆಗಳ ಮೇಲೆ ರಿಸರ್ಚ್ ಮಾಡುತ್ತಿದ್ದಾನಂತೆ. ಬೆಟ್ಟಗೇರಿ ರಸ್ತೆಯಲ್ಲಿ ಕಾಲು ಮುರಿದ ಬೀದಿನಾಯಿಯನ್ನು ಎತ್ತಿಕೊಂಡು ಇವಳ ಆಸ್ಪತ್ರೆಗೆ ಬಂದವನು. ನಾಯಿ ಗುಣವಾಗಿ ಹೋಯಿತು, ಇವನು ಹೋಗಲಿಲ್ಲ.

ಇವರಿಗೆ ಹೇಳಲಿಲ್ಲ. 'ಅಶ್ವಿತಾಳ ಫ್ರೆಂಡ್ ಊಟಕ್ಕೆ ಬರುತ್ತಾರೆ' ಎಂದಷ್ಟೇ. ಕೋಳಿಗೆ ಹೇಳಿಟ್ಟಿದ್ದೇನೆ, ಊರುಕೋಳಿ.

ಫೆಬ್ರವರಿ 15, ಭಾನುವಾರ, ಸಂಜೆ

ಏನೆಂದು ಬರೆಯಲಿ... ಮೊದಲಿನಿಂದ ಬರೆಯುತ್ತೇನೆ.

ಬಂದ. ಸಿಲ್ವರ್ ಮರದ ಹಾಗೆ ಉದ್ದ, ನಕ್ಕರೆ ಚಿಕ್ಕ ಮಕ್ಕಳ ಮುಖ. ಹೆಸರು ಹ್ಯೂ. ಅತ್ತೆಗೆ ಅದು ನಾಲಿಗೆಯಲ್ಲಿ ನಿಲ್ಲಲಿಲ್ಲ. "ಹೂವಾ? ಹೂವಪ್ಪ ಹೇಳಿ ಕರಿಯಕ್ಕೆ ಎಂತ ಬ್ಯಾನೆ?" ಎಂದು ಅಲ್ಲೇ ನಾಮಕರಣ ಮಾಡಿಬಿಟ್ಟರು. ಎಂಬತ್ತು ದಾಟಿದ ಅತ್ತೆಗೆ ಎದುರು ಹೇಳುವವರು ಯಾರು. ಅವನೂ ಖುಷಿಯಾಗಿ 'ಹೂಂ' ಎಂದ.

ಅಶ್ವಿತಾ ಅವನನ್ನು ಒಳಗೆ ಕರೆಯುತ್ತಿದ್ದಾಳೆ, ಅವನು ಮಾತ್ರ ಗೇಟಿನ ಹತ್ತಿರವೇ ನಿಂತಿದ್ದಾನೆ. ಬೋರ್ಡನ್ನೇ ನೋಡುತ್ತಿದ್ದಾನೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದ: "ಆಂಟಿ, ನನ್ನ ಹೆಸರು ನಿಮ್ಮ ಗೇಟಲ್ಲಿ ಯಾಕೆ ಉಂಟು?"

ಅವನ ಮನೆತನದ ಹೆಸರು ಹನಿಮೇನ್. ("ಹನಿಮೂನಾ? ಮದ್ವೆ ಆಗದೆ ಎಂತ ಹನಿಮೂನ್?" — ಇದು ಅತ್ತೆ.) ಕೈ ಮೇಲೆ ಬರೆದು ತೋರಿಸಿದ. ನಮ್ಮ ಹೊನ್ನೆಮನೆಯಲ್ಲಿ ಒಂದು ಎನ್ ತೆಗೆದು, ಮಧ್ಯ ಒಂದು ವೈ ಸೇರಿಸಿದರೆ ಅವನ ಹನಿಮೇನ್. ನಾವು 'ಮನೆ' ಎಂದು ಓದುವುದನ್ನು ಅವರು 'ಮೇನ್' ಎಂದು ಓದುತ್ತಾರೆ. ಮೇನ್ ಎಂದರೆ ಕುದುರೆಯ ಕತ್ತಿನ ಕೂದಲಂತೆ. ಜೇನಿನ ಬಣ್ಣದ ಕೂದಲಿನ ಕುದುರೆ ಇದ್ದ ವಂಶ, ಅದಕ್ಕೇ ಆ ಹೆಸರು ಎಂದು ಅವರ ಮನೆಯಲ್ಲಿ ಹೇಳುತ್ತಾರಂತೆ. ಇಡೀ ಇಂಗ್ಲೆಂಡಿನಲ್ಲಿ ಆ ಹೆಸರಿನವರು ಬೆರಳೆಣಿಕೆ.

ನಾವೆಲ್ಲ ನಕ್ಕೆವು. ಕಾಕತಾಳೀಯ ಎಂದುಕೊಂಡು ಊಟಕ್ಕೆ ಕುಳಿತೆವು. ಅಕ್ಕಿ ರೊಟ್ಟಿ, ಕೋಳಿ ಸಾರು. ಇವರು ಮಾತಿಗೆ ಮಾತು ಎಂದು ಕೇಳಿದರು — ನಿಮ್ಮ ಮನೆತನದಲ್ಲಿ ಎಲ್ಲರಿಗಿಂತ ಹಿಂದಿನವರು ಯಾರು?

ಅವನು ಸ್ವಲ್ಪ ನಾಚಿಕೊಂಡ. "ಜಾಯ್. ಚರ್ಚ್ ಹಿಂದೆ ಕಲ್ಲು ಉಂಟು — ಜಾಯ್ ಹನಿಮೇನ್. ಆದ್ರೆ ಜಾಯ್ ಹೆಂಗಸರ ಹೆಸರು. ಅವನು ಗಂಡಸು. ಅವನ ಅಪ್ಪ ಯಾರು, ಊರು ಎಲ್ಲಿ, ಯಾರಿಗೂ ಗೊತ್ತಿಲ್ಲ. ಕುದುರೆ ನೋಡ್ತಾ ಇದ್ದ ಅಂತ ಮಾತ್ರ."

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಜೋಯಪ್ಪ," ಎಂದರು.

ಮದುವೆಯಾಗಿ ಬಂದ ವರ್ಷದಿಂದ ನೋಡುತ್ತಿದ್ದೇನಲ್ಲ — ಹಿರಿಯರಿಗೆ ಎಡೆ ಇಡುವಾಗ ಒಂದು ಬಾಳೆಲೆ ಯಾವಾಗಲೂ ಹೆಚ್ಚು. 'ಹೋದವನ ಎಡೆ' ಎನ್ನುತ್ತಾರೆ. ಹೋದವನು ಜೋಯಪ್ಪ, ಈ ಮನೆಯ ಹುಡುಗ. ಎಸ್ಟೇಟಿನ ಬಿಳಿ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದವನು. ದೊರೆ ಊರಿಗೆ ಹೊರಟಾಗ ಕುದುರೆ ಇವನಿಲ್ಲದೆ ಹುಲ್ಲು ಮುಟ್ಟಲಿಲ್ಲವಂತೆ. ಇಬ್ಬರನ್ನೂ ಹಡಗು ಹತ್ತಿಸಿದರಂತೆ. ಆಮೇಲೆ ಸುದ್ದಿಯೇ ಇಲ್ಲ. ಕುದುರೆಯ ಬಣ್ಣ ಜೇನಿನದು ಎಂದು ಅತ್ತೆಗೆ ಅವರ ಅತ್ತೆ ಹೇಳಿದ್ದಂತೆ.

ಅಲ್ಲಿ ಯಾರೋ ಹೆಸರು ಕೇಳಿರುತ್ತಾರೆ. ನಮ್ಮಲ್ಲಿ ಹೆಸರಿಗಿಂತ ಮೊದಲು ಮನೆ. ಅವನು 'ಹೊನ್ನೆಮನೆ ಜೋಯಪ್ಪ' ಎಂದಿರುತ್ತಾನೆ. ಬರೆದುಕೊಂಡವನು ಹಿಂದುಮುಂದು ಮಾಡಿದ. ನಮ್ಮ ಪೇಂಟರನ ಹಾಗೆ ಒಂದು ಎನ್ ನುಂಗಿದ, ಜೊತೆಗೆ 'ಅಪ್ಪ'ನನ್ನೂ, ಬದಲಿಗೆ ಒಂದು ವೈ ತುರುಕಿದ.

ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಜಲು ಕೈಯಲ್ಲೇ ಹುಡುಗನನ್ನು ಅಪ್ಪಿಕೊಂಡರು. "ನಮ್ಮ ಹೈದ! ನಮ್ಮ ಮನೆ ಹೈದ ಮಾರಾಯ್ತಿ!" ಅಂಗಳಕ್ಕೆ ಎಳೆದುಕೊಂಡು ಹೋದರು. ಒಣಗಲು ಹಾಕಿದ್ದ ಕಾಫಿಯಿಂದ ಹ್ಯೂ ಒಂದು ಹಿಡಿ ತೆಗೆದು ಜಗಲಿಯ ಮೇಲೆ ಜೋಡಿಸಿದ. ಇದು ಜಾಯ್. ಈ ಮೂರು ಅವನ ಗಂಡುಮಕ್ಕಳು. ಒಬ್ಬ ಅಲ್ಲೇ ಉಳಿದ, ಒಬ್ಬ ಕೆನಡಾ, ಒಬ್ಬ ನ್ಯೂಜಿಲೆಂಡ್. ಇವರ ಮಕ್ಕಳು, ಅವರ ಮಕ್ಕಳು... ಲೋಕದ ಹನಿಮೇನ್‌ಗಳೆಲ್ಲ ಸೇರಿ ಒಂದು ಹಿಡಿ ಕಾಫಿ ಬೀಜ. ಇವರು ಅದರ ಮೇಲೆ ಬಾಗಿಕೊಂಡು ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

'ಹೊನ್ನೆಮನೆ ಕುಟುಂಬ' ವಾಟ್ಸ್ಯಾಪ್ ಗ್ರೂಪಿಗೆ ಫೋಟೋ ಹೋಯಿತು. ಫೋನ್ ಮೇಲೆ ಫೋನ್. "ಹೌದು ಹೌದು, ನಮ್ಮವನೇ! ನನಗೆ ಮಗ ಆಗ್ಬೇಕು!"

ಆಗ ಅಶ್ವಿತಾಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

ಫೆಬ್ರವರಿ 16

ಅಯ್ಯೋ ದೇವರೇ.

ಅವಳು ಬಂದದ್ದು ಅವನನ್ನು ಮದುವೆಯಾಗುತ್ತೇನೆ ಎಂದು ಹೇಳಲಿಕ್ಕೆ. ಕಾಫಿ ಕುಡಿಯುವಾಗ ಹೇಳೋಣ ಎಂದುಕೊಂಡಿದ್ದಳಂತೆ. ಕಾಫಿಯ ಹೊತ್ತಿಗೆ ಅಪ್ಪ ಅವನನ್ನು ಅಣ್ಣ ಮಾಡಿ ಆಗಿತ್ತು.

ಒಂದೇ ಮನೆ ಎಂದರೆ ಒಂದೇ ಬಳಿ, ಗೋತ್ರದ ಹಾಗೆ. ಒಂದೇ ಬಳಿಯಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎಷ್ಟೋ ತಲೆಮಾರು ಕಳೆದಿದೆ, ಸಮುದ್ರ ದಾಟಿದೆ ಎಂದು ಸುಮ್ಮನಾಗುತ್ತಿದ್ದರೇನೋ. ಇವರು ಪಟ್ಟೆದಾರರು. ಊರಿನ ಮಕ್ಕಳಿಗೆಲ್ಲ ಬಳಿ ನೋಡಿ ಸಂಬಂಧ ಹೇಳುವವರು. ಅದಕ್ಕಿಂತ ಹೆಚ್ಚಾಗಿ, ಇಡೀ ಕುಟುಂಬಕ್ಕೆ ಫೋನ್ ಮಾಡಿ ತಾವೇ ಡಂಗುರ ಸಾರಿದ್ದಾರೆ!

ಬೆಳಗ್ಗೆ ಹೇಳಿದೆ. ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. "ಬೇರೆ ಯಾರಾಗಿದ್ರೂ ಕೊಡ್ತಿದ್ದೆ ಕಮಲಾ. ಇಂಗ್ಲಿಷಿನವ ಆದ್ರೂ ಕೊಡ್ತಿದ್ದೆ. ಇವ ಇಂಗ್ಲಿಷಿನವನೇ ಅಲ್ವಲ್ಲ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಶ್ವಿತಾ ಮೊದಲ ಬಸ್ಸಿಗೇ ಹೋದಳು. ರೊಟ್ಟಿ ಕಟ್ಟಿಕೊಟ್ಟದ್ದನ್ನೂ ಬಿಟ್ಟು.

ಫೆಬ್ರವರಿ 28

ಮನೆಯಲ್ಲಿ ಮಾತು ಕಡಿಮೆ. ಇವರು ದಿನಾ ಹೋಗಿ ಬೋರ್ಡ್ ನೋಡುತ್ತಾರೆ, ಸಿಟ್ಟಿನಿಂದ. ಪಾಪ, ಬೋರ್ಡ್ ಏನು ಮಾಡಿತು.

ಇವತ್ತು ಹ್ಯೂ ಒಬ್ಬನೇ ಬಂದಿದ್ದ. ತೋಡಿನಿಂದ ನೇರ ಬಂದಿದ್ದಾನೆ, ಕಾಲಲ್ಲಿ ಜಿಗಣೆ. ಉಪ್ಪು ಹಾಕಿ ತೆಗೆದೆ. ಇವರ ಎದುರು ಕೈಕಟ್ಟಿ ನಿಂತು ಹೇಳಿದ: "ಅಂಕಲ್, ನಾನು ಹೆಸರು ಬದಲಾಯಿಸ್ತೇನೆ. ಅಮ್ಮನ ಕಡೆ ಹೆಸರು ಹಾಕ್ತೇನೆ. ಆಗ ಪ್ರಾಬ್ಲಮ್ ಇಲ್ಲ ಅಲ್ವಾ?"

ಇವರ ಸಿಟ್ಟು ನೋಡಬೇಕಿತ್ತು! "ಎಂತ? ಹೆಸರು ಬಿಡುದಾ? ಭಾಷೆ ಹೋಯ್ತು, ಬಣ್ಣ ಹೋಯ್ತು, ದೇವರು ಹೋಯ್ತು, ಮನೆ ಹೆಸರು ಒಂದನ್ನ ಆ ಜೋಯಪ್ಪ ಹಲ್ಲು ಕಚ್ಚಿ ಇಟ್ಕೊಂಡ. ಅದನ್ನ ನನ್ನ ಮಗಳಿಗೋಸ್ಕರ ನೀ ಬಿಡುದಾ? ಬಿಟ್ರೆ ಗೇಟ್ ಒಳಗೆ ಸೇರ್ಸುದಿಲ್ಲ!"

"ಬಿಡದಿದ್ರೆ?"

"ಬಿಡದಿದ್ರೆ ನೀ ನನ್ನ ಮಗ."

ಹುಡುಗ ನನ್ನ ಮುಖ ನೋಡಿದ. ಎರಡು ಬಾಗಿಲೂ ಮುಚ್ಚಿತು. ಇವರ ಮೇಲೆ ಕೋಪ ಬಂತು. ಅಷ್ಟೇ ಪ್ರೀತಿಯೂ ಬಂತು, ಹಾಳಾದ್ದು.

ಹೋಗುವಾಗ ಇವರೇ ಅವನಿಗೆ ಒಂದು ಬಾಟಲಿ ಜೇನು ಕೊಟ್ಟು ಕಳುಹಿಸಿದರು.

ಮಾರ್ಚ್ 9

ಹೂ ಮಳೆ ಬಂತು!! ನಿನ್ನೆ ಸಂಜೆ ಚೆನ್ನಾಗಿ ಬಡಿಯಿತು. ಇನ್ನೊಂದು ವಾರದಲ್ಲಿ ಕಾಫಿ ಹೂ ಬಿಡುತ್ತದೆ. ಎಸ್ಟೇಟಿನವರೆಲ್ಲ ಮುಖ ಅರಳಿಸಿಕೊಂಡು ಓಡಾಡುತ್ತಿದ್ದಾರೆ.

ಅತ್ತೆ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಎದುರು ಕುಳಿತು ಎಲ್ಲವನ್ನೂ ತೋಡಿಕೊಂಡೆ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ಹುಡುಗ ಒಳ್ಳೆಯವನು, ನಿಮ್ಮ ಮಗ ಹಟಮಾರಿ... ಅತ್ತೆ ಕೊನೆಯವರೆಗೂ ಕೇಳಿ ಹೇಳಿದರು: "ಹೈದ ಈ ಮನೆಯಂವ. ಗೂಡೆ ಅಶ್ವಿತಾನೂ ಈ ಮನೆದೇ. ಗೂಡೆ ಇಲ್ಲಿಂದ ಹೊರಡದೆ ಇಲ್ಲಿಗೆ ಬಾಕೆ ಹೆಂಗೆ ಆದೆ? ಮೊದ್ಲು ಅವಳ್ನ ಹೊರಗೆ ಕಳ್ಸಿ."

"ಎಲ್ಲಿಗೆ ಅತ್ತೆ?"

"ನಂಗೆ ಗೊತ್ತುಲೆ. ನೀ ಎಲ್ಲಿಂದ ಬಂದ?"

ನಾನು ಎಲ್ಲಿಂದ ಬಂದೆ...

ಕಾನಡ್ಕದಿಂದ! ಚೇರಂಬಾಣೆಯ ಕಾನಡ್ಕ ಮನೆಯಿಂದ. ಅಶ್ವಿತಾಳನ್ನು ನನ್ನ ಅಣ್ಣನಿಗೆ ಮಗಳಾಗಿ ಕೊಟ್ಟುಬಿಟ್ಟರೆ? ಆಗ ಅವಳು ಕಾನಡ್ಕದವಳು, ಬೇರೆ ಬಳಿ. ಅಣ್ಣ ಧಾರೆ ಎರೆದು ಕೊಟ್ಟರೆ ಕಾನಡ್ಕದ ಹುಡುಗಿ ಹೊನ್ನೆಮನೆಗೆ ಬಂದ ಹಾಗೆ. ನಾನು ಬಂದ ಹಾಗೆಯೇ! ಅತ್ತೆಯ ಕೆನ್ನೆಗೆ ಮುತ್ತು ಕೊಟ್ಟೆ. ಎಲೆ ಅಡಿಕೆ ವಾಸನೆ.

ಇವರಿಗೆ ಹೇಳಿದಾಗ ಬಹಳ ಹೊತ್ತು ಲೆಕ್ಕ ಹಾಕಿದರು, ಬೆರಳು ಮಡಿಸಿ, ಬಿಚ್ಚಿ. ತಪ್ಪು ಸಿಗಲಿಲ್ಲ. "ಹಾಗಾದ್ರೆ ನಾನು ಅವಳ ಅಪ್ಪ ಅಲ್ವಾ?" ಎಂದರು, ಸಣ್ಣ ದನಿಯಲ್ಲಿ.

"ಅಪ್ಪ ಅಲ್ಲ, ಮಾವ. ನೀವು ಗಂಡಿನ ಕಡೆ."

ಆಮೇಲೆ ಮೀಸೆಯಡಿಯಲ್ಲಿ ನಗು ಶುರುವಾಯಿತು. "ಹಾಗಾದ್ರೆ ಅವಳು ಮನೆ ಬಿಟ್ಟು ಹೋಗುದಿಲ್ಲ. ಮನೆಗೆ ಬರುದು!"

ಮಾರ್ಚ್ 15, ಭಾನುವಾರ

ಅಶ್ವಿತಾಳೂ ನಾನೂ ತವರಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಒಂದೇ ಯೋಚನೆ — ಅಣ್ಣ ಒಪ್ಪದಿದ್ದರೆ? ತೀರ್ಥಪ್ರಸಾದ್ ಎಂದರೆ ಊರಿಗೆಲ್ಲ ಬಿಗಿ ಮನುಷ್ಯ. ಇಬ್ಬರೂ ಗಂಡುಮಕ್ಕಳೇ ಅವನಿಗೆ.

ಪೂರ್ತಿ ಕೇಳಿ ಎದ್ದು ಹಿತ್ತಲಿಗೆ ಹೋದ. ಹೋಯಿತು ಎಂದುಕೊಂಡೆ. ಅತ್ತಿಗೆ ಹಿಂದೆ ಹೋಗಿ ನೋಡಿ ಬಂದಳು. "ಅಳ್ತಾ ಉಂಟು. ನಂಗೂ ಒಂದು ಹೆಣ್ಣು ಕೊಡುವ ಯೋಗ ಬಂತಲ್ಲ ಹೇಳಿ."

ಬರುವಾಗ ಅಶ್ವಿತಾ ನನ್ನ ಭುಜಕ್ಕೆ ಒರಗಿ ಕೇಳಿದಳು, ನೀನು ಮದುವೆಯಾಗಿ ಬಂದ ದಿನ ಏನಾಯಿತು ಅವ್ವಾ, ಅಜ್ಜಿ ಯಾವಾಗಲೂ ನಗುತ್ತಾರಲ್ಲ.

ಹೇಳಿದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸ ಹೆಣ್ಣು ಹೊಸಿಲಿಗೆ ಬಂದಾಗ ಅತ್ತೆ ಒಳಗಿನಿಂದ ಕೇಳಬೇಕು: 'ಯಾವ ಮನೆಯವಳಮ್ಮಾ ನೀನು?' ಅವಳು 'ಹೊನ್ನೆಮನೆ' ಎನ್ನಬೇಕು. ಆಮೇಲೆಯೇ ಬಲಗಾಲು ಒಳಗೆ. ನನಗೆ ಮೊದಲೇ ಹೇಳಿಕೊಟ್ಟಿದ್ದರು. ಆದರೂ ಬಾಯಿಗೆ ಬಂದದ್ದು 'ಕಾನಡ್ಕ'. ಇಡೀ ದಿಬ್ಬಣ ಹೋ ಎಂದು ನಕ್ಕಿತು. ಅತ್ತೆ ಮತ್ತೆ ಕೇಳಿದರು, ಮತ್ತೆಯೂ 'ಕಾನಡ್ಕ'. ಮೂರನೆಯ ಸಲ ಸರಿ ಹೇಳಿದೆ. ಅಂದು ನಾಚಿಕೆಯಾಗಿತ್ತು. ನಂತರ ಆ ಹೆಸರನ್ನು ಯಾರೂ ಕೇಳಲಿಲ್ಲ. ವೋಟರ್ ಕಾರ್ಡಿನಲ್ಲಿಲ್ಲ, ನರ್ಸರಿಯ ಬೋರ್ಡಿನಲ್ಲಿಲ್ಲ.

"ನಾನು ಎಂತ ಹೇಳ್ಬೇಕು ಹಾಗಾದ್ರೆ?" ಎಂದಳು.

"ನೀ ಹುಟ್ಟಿದಾಗಿನಿಂದ ಹೇಳಿದ್ದನ್ನೇ ಹೇಳು," ಎಂದೆ. ನಕ್ಕೆವು. ಕಿಟಕಿಯ ಹೊರಗೆ ರಸ್ತೆಯ ಎರಡೂ ಬದಿಗೆ ಕಾಫಿ ಹೂ. ಬಸ್ಸಿನೊಳಗೆಲ್ಲ ಪರಿಮಳ.

ಏಪ್ರಿಲ್ 6

ಒಂದೇ ಸಮನೆ ಕೆಲಸ, ಬರೆಯಲಿಕ್ಕೆ ಪುರುಸೊತ್ತಿಲ್ಲ. ದತ್ತು ಶಾಸ್ತ್ರ ಮುಗಿಯಿತು. ಅಶ್ವಿತಾಳನ್ನು ಅಣ್ಣ ಅತ್ತಿಗೆಯ ಮಡಿಲಿಗೆ ಕೂರಿಸಿದೆವು. ಅತ್ತಿಗೆ ಸಣ್ಣ ಜೀವ, ಇವಳು ನನ್ನ ಹಾಗೆ ದಷ್ಟಪುಷ್ಟ. "ಬೇಗ ಮಂತ್ರ ಹೇಳಿ ಭಟ್ರೇ, ಕಾಲು ಹೋಯ್ತು!"

ಆಮಂತ್ರಣ ಪತ್ರಿಕೆ ಬಂತು. 'ಕಾನಡ್ಕ ಅಶ್ವಿತಾ' ಎಂದು ಅಚ್ಚಾಗಿದೆ. ಎಷ್ಟು ಸಲ ಓದಿದೆನೋ. ನನ್ನ ಹೆಸರಿನಿಂದ ಉದುರಿಹೋದದ್ದು ಮಗಳ ಹೆಸರಿನ ಹಿಂದೆ ಬಂದು ನಿಂತಿದೆ, ಒಂದು ತಿಂಗಳ ಮಟ್ಟಿಗಾದರೂ. ಸಂತೋಷವಾಯಿತು. ಬಹಳ ಸಂತೋಷವಾಯಿತು.

ಹ್ಯೂನ ಅಮ್ಮ ಇಲ್ಲ. ಅಪ್ಪನಿಗೆ ಹೃದಯದ ಆಪರೇಷನ್ ಆಗಿದೆ, ವಿಮಾನ ಹತ್ತುವ ಹಾಗಿಲ್ಲ. ವಿಡಿಯೋ ಕಾಲಿನಲ್ಲಿ ಇವರೊಡನೆ ಮಾತನಾಡಿದರು. ನನ್ನ ಜಾಗದಲ್ಲಿ ನೀವು ನಿಲ್ಲಿ ಎಂದರು. ಆಮೇಲೆ ಮೆಲ್ಲನೆ ಕೇಳಿದರಂತೆ, ಹಾಗಾದರೆ ಆ ಕುದುರೆ ನಿಜವೇ? ಇವರು ಎದೆ ಮೇಲೆ ಕೈಯಿಟ್ಟು, ನಿಜ, ನಮ್ಮ ಅಮ್ಮನೇ ಸಾಕ್ಷಿ ಎಂದರು.

ಏಪ್ರಿಲ್ 25, ಶನಿವಾರ — ಕಾನಡ್ಕ

ನಾನು ತವರಿನಲ್ಲಿ, ಇವರು ಹೊನ್ನೆಮನೆಯಲ್ಲಿ. ನಾನು ಹೆಣ್ಣಿನ ಕಡೆ, ಇವರು ಗಂಡಿನ ಕಡೆ. ಫೋನ್ ಮಾಡಿದರೆ ಬಿಗುಮಾನ ನೋಡಿ: "ನಾವು ನೂರೈವತ್ತು ಜನ ಬರ್ತೇವೆ. ಊಟ ಸರಿ ಇರ್ಬೇಕು."

"ನಿಮ್ಮ ಬಿಳಿ ಪಂಚೆ ಅಲ್ಮೇರಾದ ಕೆಳಗಿನ ಖಾನೆಯಲ್ಲಿ ಉಂಟು," ಎಂದೆ. ಬಿಗುಮಾನ ಇಳಿಯಿತು.

ಕೆನಡಾ, ನ್ಯೂಜಿಲೆಂಡಿನಿಂದ ಕಸಿನ್ಸ್ ಬಂದಿದ್ದಾರೆ. ನಿನ್ನೆ ಹೊನ್ನೆಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟರು. ಹೋದವನ ಎಡೆಯ ಮುಂದೆ ಎಲ್ಲರೂ ಅಡ್ಡಬಿದ್ದರಂತೆ. "ಇನ್ನು ಹೋದವನ ಎಡೆ ಹೇಳ್ಬೇಡಿ, ಬಂದವನ ಎಡೆ ಹೇಳಿ," ಎಂದರಂತೆ ಅತ್ತೆ. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಹ್ಯೂಗೆ ಸಾಲಲಿಲ್ಲ, ಕೇಳಿದಷ್ಟೂ. ನನಗೂ.

ಏಪ್ರಿಲ್ 26, ಭಾನುವಾರ — ಹೊನ್ನೆಮನೆ, ಅಡುಗೆಕೋಣೆ

ದಿಬ್ಬಣ ಬರುವ ಮೊದಲು ಸ್ವಲ್ಪ ಹೊತ್ತು ಸಿಕ್ಕಿದೆ. ಈಗಲೇ ಬರೆಯದಿದ್ದರೆ ಮರೆತುಬಿಡುತ್ತೇನೆ.

ಬೆಳಗ್ಗೆ ಕಾನಡ್ಕದ ಚಪ್ಪರದ ಬಾಗಿಲಲ್ಲಿ ಅಣ್ಣ ಗಂಡಿನವರನ್ನು ತಡೆದು ಕೇಳಿದ, ಯಾವ ಮನೆಯವರು ನೀವು? ಇವರು ಮೀಸೆ ತಿರುವಿ "ಹೊನ್ನೆಮನೆ!" ಎಂದರು. ಹಿಂದಿನಿಂದ ಪಂಚೆ ಜಾರುತ್ತಿದ್ದ ಕಸಿನ್ಸ್ ಎಲ್ಲ ಸೇರಿ "ಹನಿಮೇನ್!" ಎಂದು ಕೂಗಿದರು. ವಾಲಗದವರೇ ನಕ್ಕು ಬಾರಿಸುವುದನ್ನು ನಿಲ್ಲಿಸಿದರು.

ಧಾರೆ. ಅಣ್ಣ ನೀರು ಬಿಡುವಾಗ ಭಟ್ಟರು 'ಕಾನಡ್ಕ ಮನೆಯ ಹೆಣ್ಣು' ಎಂದರು. ಅಷ್ಟು ಜನರ ಎದುರು ಗಟ್ಟಿಯಾಗಿ. ಅಲ್ಲಿಂದ ನನ್ನ ಕಣ್ಣೀರು ನಿಲ್ಲಲಿಲ್ಲ. ಹೆಣ್ಣು ಒಪ್ಪಿಸುವಾಗ ಅಶ್ವಿತಾ ನನ್ನನ್ನು ತಬ್ಬಿ ಅತ್ತಳು, ನಾನೂ ಅತ್ತೆ. ಆ ಕಡೆ ಇವರು ವಾಲಗಕ್ಕೆ ಕುಣಿಯುತ್ತಿದ್ದಾರೆ! ಮಗಳನ್ನು ಕಳುಹಿಸುವ ದಿನ ಇಷ್ಟು ಕುಣಿದ ಅಪ್ಪ ಇನ್ನೊಬ್ಬನಿಲ್ಲ.

ಅಳು ಮುಗಿಯುವ ಮೊದಲೇ ಅತ್ತಿಗೆ ಬೆನ್ನಿಗೆ ಗುದ್ದಿದಳು. "ಅಳ್ತಾ ಕೂತ್ರೆ ಅಲ್ಲಿ ಹೆಣ್ಣನ್ನ ಮನೆ ತುಂಬಿಸಿಕೊಳ್ಳುದು ಯಾರು?" ಹೌದಲ್ಲ! ಅತ್ತೆಗೆ ಎದ್ದು ನಿಲ್ಲಲಾಗದು. ಹ್ಯೂಗೆ ಅಮ್ಮ ಇಲ್ಲ. ಹೊನ್ನೆಮನೆಯ ಹೆಂಗಸು ಎಂದರೆ ನಾನೇ. ಜೀಪು ಹತ್ತಿ, ಎಸ್ಟೇಟಿನ ಒಳರಸ್ತೆಯಲ್ಲಿ ಕುಲುಕಾಡಿಕೊಂಡು ಬಂದೆ. ಮಲ್ಲಿಗೆಯೆಲ್ಲ ದಾರಿಯಲ್ಲೇ ಉದುರಿತು.

ಸೇರಿಗೆ ಅಕ್ಕಿ ತುಂಬಿಸಿದೆ. ಆರತಿ ಸಿದ್ಧ. ಮುಖ ತೊಳೆದೆ. ಕಣ್ಣು ಕೆಂಪಗಿದೆ, ಯಾರಾದರೂ ಕೇಳಿದರೆ ಒಲೆಯ ಹೊಗೆ ಎನ್ನುವುದು.

ವಾಲಗ ಕೇಳಿಸುತ್ತಿದೆ, ಗೇಟಿನ ಹತ್ತಿರ. ಅತ್ತೆ ಜಗಲಿಯಿಂದ ಕೂಗುತ್ತಿದ್ದಾರೆ — "ಕಮಲಾ, ಸೊಸೆ ಬಂತು! ಕೇಳಿಯೇ ಒಳಗೆ ಬಿಡು, ಮರೀಬೇಡ!"

ಕೇಳಬೇಕು. ಹೊಸಿಲಿನ ಈಚೆ ನಿಂತು, ನಾನು ಹೆತ್ತ ಮಗಳನ್ನು, ಯಾವ ಮನೆಯವಳಮ್ಮಾ ನೀನು ಎಂದು ಕೇಳಬೇಕು. ನಗು ಬರುತ್ತಿದೆ, ಅಳುವೂ... ಜೀಪು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದಳು, ಅವ್ವಾ, ಮೊದಲ ಸಲ ನಾನೂ ಕಾನಡ್ಕ ಎಂದೇ ಹೇಳುವುದು, ನಿನಗೋಸ್ಕರ. ಬೇಡ ಎಂದೆ. ಆದರೂ ಅವಳು—